ನೀನು ನನಗೇನಾಗಬೇಕು

ಲೋ ಸೋಡಾಬುಡ್ಡಿ,

ನೀನು ನನ್ನನ್ನು ಬ್ಲಾಕ್ ಮಾಡಿ ಮೂರು ತಿಂಗಳಾಯಿತು. ಇದನ್ನು ಕಳಿಸಲು ದಾರಿಯಿಲ್ಲ, ಇದ್ದರೂ ಕಳಿಸುವುದಿಲ್ಲ. ಆದರೂ ನಿನಗೊಂದು ರಿಪೋರ್ಟ್ ಕೊಡಬೇಕು. ಫಸ್ಟ್ ಇಯರ್ ಎಕ್ಸಾಮ್ ಮುಗಿದ ಕೂಡಲೇ ಬಸ್ ಹತ್ತಿ, ನಾವಿಬ್ಬರೂ ಬಂದಿದ್ದ ಆ ಕೊನೇ ಸ್ಟಾಪಿನ ಊರಿಗೆ ಮತ್ತೆ ಬಂದಿದ್ದೇನೆ. ಇರುವ ಒಂದೇ ಲಾಡ್ಜು, ಅದೇ ಓನರ್ ಆಂಟಿ.

ಹೋದ ಸಲ ಅವರು ರಿಜಿಸ್ಟರ್ ತೆರೆದು, "ಇವ್ರು ನಿಮಗೇನಾಗ್ಬೇಕು?" ಎಂದಾಗ ನಾನು "ಕಸಿನ್" ಎಂದೆ. ನಮ್ಮಂಥ ಹುಡುಗರ ಜೋಡಿ ಎಲ್ಲೂ ಕಾಣದ ಊರು, ಹೆದರಿದ್ದೆ. ನೀನು ಎರಡು ದಿನವೂ ನನ್ನನ್ನು "ಕಸಿನ್ನು" ಎಂದೇ ಕರೆದೆ. ಮೊದಲು ನಗುತ್ತಾ, ಆಮೇಲೆ ನಗದೆ.

ಇವತ್ತು ಆಂಟಿ ಕೇಳಿದರು: "ಒಬ್ರೇ ಬಂದ್ರಾ? ನಿಮ್ಮ ಕಸಿನ್ ಎಲ್ಲಿ?"

ಈ ಸಲ ನಿಜ ಹೇಳಿದೆ: "ಕಸಿನ್ ಅಲ್ಲ ಆಂಟಿ. ನಾವಿಬ್ರೂ ಪ್ರೀತಿಸ್ತಿದ್ವಿ."

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಅವರ ಗಂಡ ತಲೆಯೆತ್ತಿ ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ.

"ಅಯ್ಯೋ, ಮೊದ್ಲೇ ಹೇಳ್ಬಾರ್ದಾ?" ಎಂದರು ಆಂಟಿ. "ನೀವು ಎರಡು ಮಂಚ ಬೇಕೇ ಬೇಕು ಅಂದ್ರಿ ಅಂತ ಮಹಡಿಯಿಂದ ಒಂದು ಇಳಿಸೋಕೆ ಹೋಗಿ ನಮ್ಮ ಯಜಮಾನ್ರ ಸೊಂಟ ಹಿಡ್ಕೊಂಡಿತ್ತು!"

ಗಂಡ ಪೇಪರಿನ ಹಿಂದೆ ಸರಿದರು.

ನಾನು ಹಳೇ ಪುಟ ತೆಗೆಸಿದೆ. "ಕಸಿನ್" ಹೊಡೆದುಹಾಕಿ, ಅದರ ಮೇಲೆ "ನನ್ನ ಹುಡುಗ" ಎಂದು ದುಂಡಗೆ ಬರೆದು ಸಹಿ ಮಾಡಿದೆ.

ಆಂಟಿ ಇವತ್ತಿನ ಪುಟಕ್ಕೆ ತಿರುಗಿಸಿ, "ಈಗೆಷ್ಟು ಮಂಚ?" ಎಂದರು.

"ಒಂದೇ. ಆದ್ರೆ ದೊಡ್ಡದು ಕೊಡಿ."