ಬೋರ್ಡ್ ಬರೆಯುವ ಅಪ್ಪನಿಗೆ

ಅಪ್ಪಾ,

ನಮ್ಮ ಊರಿನ ಕಲಾವಿದರ ಬಳಗದ ಪಟ್ಟಿಗೆ ನಿಮ್ಮ ಹೆಸರು, ಫೋನ್ ನಂಬರ್ ಸೇರಿಸಿದ್ದು ನಾನೇ. ಕೇಳದೆ ಸೇರಿಸಿದ್ದು ತಪ್ಪು. ಆದರೆ ನಲವತ್ತು ವರ್ಷ ಅಂಗಡಿಗಳ ಬೋರ್ಡ್ ಬರೆದವರನ್ನು ಬಿಟ್ಟು ಅದೆಂಥ ಪಟ್ಟಿ? ಹೋದ ವಾರ ನಿಮಗೆ ಫೋನ್ ಮಾಡಿ ಬೈಸಿಕೊಂಡವರು ನಮ್ಮ ಬಳಗದಲ್ಲಿ ಮುಖವಾಡ ಮಾಡುವ ಅಕ್ಕ ಒಬ್ಬರು. "ನಿಮ್ಮಪ್ಪ ಬೈಯೋದ್ರಲ್ಲೂ ಒಂದಕ್ಷರ ತಪ್ಪಲ್ಲ ಕಣೇ" ಎಂದು ನಕ್ಕರು.

ಈಗ ನಾವು ಮೂವತ್ತೊಂದು ಜನ. ಒಬ್ಬರು ಹಾಸಿಗೆ ಹಿಡಿದರೆ ಅವರ ಕೆಲಸವನ್ನು ಇನ್ನೊಬ್ಬರು ಮುಗಿಸಿಕೊಡಬೇಕು, ಅದೊಂದೇ ನಿಯಮ. ಪಿಟೀಲಿನ ಮೇಷ್ಟ್ರ ಕೈ ಮುರಿದಾಗ ಅವರ ಶಿಷ್ಯರಿಗೆ ಮೂರು ತಿಂಗಳು ಪಾಠ ಹೇಳಿದ್ದು ಇನ್ನೊಬ್ಬ ಪಿಟೀಲಿನವರು. ಅವರಿಬ್ಬರ ನಡುವೆ ಆಗ ಮಾತುಕತೆಯೇ ಇರಲಿಲ್ಲ.

ಹಳೆಯ ಪ್ರೆಸ್ಸಿನ ಕೋಣೆಗಳು ನಮಗೆ ಸಿಕ್ಕಿವೆ. ಹೊರಗೋಡೆಗೆ ಬಿಳಿ ಬಣ್ಣ ಬಳಿದಾಗಿದೆ, ಬಳಗದ ಹೆಸರು ಬರೆಯಬೇಕು. ಪ್ರಿಂಟ್ ಹಾಕಿಸೋಣ ಎಂದರೆ ಯಾರೂ ಒಪ್ಪಲಿಲ್ಲ.

ನಿಮ್ಮ ಬಲಗೈ ನಡುಗುವುದು ನನಗೆ ಗೊತ್ತು. ಲೋಟ ಎಡಗೈಯಲ್ಲಿ ಹಿಡಿಯುವುದನ್ನು ನೋಡಿದ್ದೇನೆ. ಅದಕ್ಕೇ ಕೇಳುತ್ತಿದ್ದೇನೆ: ಸೀಮೆಸುಣ್ಣದಲ್ಲಿ ಅಕ್ಷರ ಗುರುತು ಹಾಕಿಕೊಡಿ, ಬಣ್ಣ ನಾನು ತುಂಬುತ್ತೇನೆ. ಗೆರೆ ಅಲುಗಿದರೆ ನಾನಿದ್ದೇನೆ. ಚಿಕ್ಕವಳಿದ್ದಾಗ ನೀವು ಕುಂಚ ಮುಟ್ಟಗೊಡಲಿಲ್ಲ. ಈಗ ಕಲಿಸಿ.

ಭಾನುವಾರ ಹತ್ತಕ್ಕೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಬರೆಯುವ ಜಾಗ ನಿಮ್ಮ ಎದೆಯೆತ್ತರಕ್ಕಿದೆ, ಏಣಿ ಬೇಡ. ಪ್ರತಿ ವಾರ ನೀವು ಕದ್ದುಮುಚ್ಚಿ ಕುಂಚಗಳಿಗೆ ಎಣ್ಣೆ ಸವರಿಡುತ್ತೀರೆಂದು ಅಮ್ಮ ಹೇಳಿದಳು. ಅವನ್ನು ಚೀಲದಲ್ಲಿ ಹಾಕಿಟ್ಟಿರಿ.

ನಿಮ್ಮ ಎರಡನೆಯ ಮಗಳು