ಮೂರು ಕಲ್ಲು

೧೨ ಮಾರ್ಚ್ ೧೯೯೯, ಶುಕ್ರವಾರ. ಕೆಂಟನ್.

ಆ ಮೂರು ಕಲ್ಲುಗಳು ಕಣ್ಣಿನಿಂದ ಹೋಗುತ್ತಿಲ್ಲ.

ನಿನ್ನೆ ನಮ್ಮ ಪ್ರವಾಸ ಕಂಪನಿಯ ಆಫೀಸಿನಿಂದ ಸಫಾರಿ ಬ್ರೋಷರಿನ ಕರಡು ತಂದಿದ್ದೆ. ಸಿರಿವಂತರು ಆಫ್ರಿಕಾದ ಕಾಡಿನಲ್ಲಿ ಹಗಲೆಲ್ಲ ಮಾರ್ಗದರ್ಶಿಯ ಹಿಂದೆ ನಡೆಯುತ್ತಾರೆ; ಸಂಜೆ ಡೇರೆಯಲ್ಲಿ ಬಿಸಿನೀರಿನ ಸ್ನಾನ, ಷಾಂಪೇನ್. ಮೊದಲ ಪುಟದಲ್ಲಿ ಕಣಿವೆಯ ಚಿತ್ರ; ಅದರ ಕೆಳಗಿನ ಸಾಲು ನಾನೇ ಬರೆದದ್ದು: ‘ಮನುಷ್ಯರು ಎಂದೂ ವಾಸಿಸದ ಕಣಿವೆ.’

ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು.

“ಇದ್ ಯಾರ್ ಒಲಿ, ಹೆಣೆ?”

“ಒಲೆ ಎಲ್ಲಿ ಅಮ್ಮಾ? ಅದು ಕಾಡು.”

“ಕಾಡಂಬ್ರ್! ಕಾಣ್, ಮೂರ್ ಕಲ್, ಒಳಬದಿ ಕಪ್ಪಾಯಿತ್. ಅಡ್ಗಿ ಮಾಡ್ದರ್ ಎಲ್ಲಿಗ್ ಹೋಯ್ರ್?”

ಸಫಾರಿಗಾಗಿ ಒಂದು ಕಣಿವೆಯ ಜನರನ್ನು ಲಾರಿಗೆ ತುಂಬಿ ಹೊರಹಾಕಿದ ಕಥೆಯ ಕರಪತ್ರವನ್ನು ಹಿಂದೊಮ್ಮೆ ನಾನೇ ವೆಂಬ್ಲಿ ಸ್ಟೇಷನ್ ಮುಂದೆ ಹಂಚಿದ್ದೆ. ಆ ಕರಪತ್ರ ಹುಡುಕಿ, ಬ್ರೋಷರಿನ ನಕ್ಷೆಯ ಪಕ್ಕ ಹಾಸಿ ನೋಡಿದೆ. ಅದೇ ಕಣಿವೆ. ಹೊಸ ಹೆಸರು ಮಾತ್ರ ನಮ್ಮ ಕಂಪನಿ ಇಟ್ಟದ್ದು.

ಇವತ್ತು ಮೇಲಧಿಕಾರಿ ಹೆಲೆನ್‌ಗೆ ಎಲ್ಲವನ್ನೂ ಹೇಳಿದೆ. ಕೆಲಸ ಬಿಡುತ್ತೇನೆ ಎನ್ನುವ ಮಾತನ್ನು ಟ್ಯೂಬ್ ರೈಲಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ. ಅವಳಿಗೆ ಸಿಟ್ಟೇ ಬರಲಿಲ್ಲ.

“ಎಷ್ಟು ಚುರುಕು ಕಣ್ಣು ನಿನ್ನದು! ಆ ಕಲ್ಲು ಕಾಣದ ಹಾಗೆ ಚಿತ್ರದ ಅಂಚು ಕತ್ತರಿಸಿಬಿಡು. ಐದು ಗಂಟೆಗೆ ಅಚ್ಚಿಗೆ ಒಯ್ಯಲು ಪ್ರೆಸ್ಸಿನವರು ಬರುತ್ತಾರೆ.”

ನನ್ನ ಮೇಜಿಗೆ ಹಿಂತಿರುಗಿ ಕತ್ತರಿ ತೆಗೆದುಕೊಂಡೆ. ಕತ್ತರಿಸಿದೆ. ನನ್ನ ಸಾಲು ಹಾಗೆಯೇ ಇದೆ.

ಊಟಕ್ಕೆ ಕೂತಾಗ ಅಮ್ಮ, “ಒಲಿ ವಿಷ್ಯ ಹೇಳ್ದ್ಯಾ?” ಎಂದಳು. ಹೇಳಿದೆ ಎಂದೆ. ಖುಷಿಯಿಂದ ಇನ್ನೊಂದು ಸೌಟು ಸಾರು ಬಡಿಸಿದಳು.

ಚಿತ್ರದಿಂದ ಕತ್ತರಿಸಿದ ಪಟ್ಟಿ ಈ ಡೈರಿಯ ಪುಟಗಳ ನಡುವೆಯೇ ಇದೆ. ಬೆರಳಗಲವೂ ಇಲ್ಲ. ಅಂಚು ಒಂದಿಷ್ಟೂ ಸೊಟ್ಟಾಗಿಲ್ಲ; ಮೂರು ಕಲ್ಲುಗಳೂ ಅದರೊಳಗೇ ಇವೆ.