ಮೇಯರ್‌ಗೆ ಮೂರನೇ ಸಲ ಬೇಡ

ಡೆಟ್ರಾಯಿಟ್ ಹತ್ತಿರ, ಏಪ್ರಿಲ್ ೧೯೭೮

ರೀ,

ನೀವು ಕಣ್ಣು ಮುಚ್ಚಿದ ಎರಡು ತಿಂಗಳಿಗೆ ನಿಮ್ಮ ಕಡೆಯವರು ಗೆದ್ರು. ಮೇಯರ್ ಮೂರನೇ ಸಲವೂ ನಿಲ್ಲೋ ಹಾಗೆ ನಿಯಮ ಬದಲಾಯಿಸೋದು ಬೇಡ ಅಂತ ಊರಿನವರು ವೋಟು ಹಾಕಿದಾರೆ.

ಹಿಂದಿನ ಬೀದಿಯ ಮಿಸೆಸ್ ನೊವಾಕ್ ಬೆಳಿಗ್ಗೆ ಬಂದು ಹೇಳಿದ್ರು. ಈ ನಿಯಮ ಬದಲಾವಣೆನ ಸೋಲಿಸಿ ಅಂತ ಜನವರಿಯಲ್ಲಿ ನೀವು ಮನೆಮನೆಗೆ ಹೋಗ್ತಿದ್ರಲ್ಲ, ಅವರ ಮನೆಗೂ ಹೋಗಿದ್ರಂತೆ. ಹೊಸಿಲಾಚೆ ಹಿಮದಲ್ಲೇ ಬೂಟು ಬಿಚ್ಚಿಟ್ಟು, ಬರೀ ಸಾಕ್ಸಲ್ಲಿ ಒಳಗೆ ನಿಂತು ಮಾತಾಡಿದ್ರಂತೆ.

"ಮಿಸ್ಟರ್ ಉಪೇಂದ್ರ ಎಲ್ಲರ ಮನೇಲೂ ಹಾಗೇ ಮಾಡಿದ್ರು. ಅಷ್ಟು ಮರ್ಯಾದೆಯಿಂದ ಯಾರೂ ನಮ್ಮನ್ನ ವೋಟು ಕೇಳಿರಲಿಲ್ಲ," ಅಂದ್ರು.

ದಿನಾ ಒದ್ದೆ ಸಾಕ್ಸಲ್ಲಿ ಮನೆಗೆ ಬರ್ತಿದ್ರಿ. ಕಾರ್ಪೆಟ್ ಹಾಳಾಗತ್ತೆ ಅಂತ ನಾನು ಕೂಗಾಡ್ತಿದ್ದೆ. ಒಂದು ಮಾತು ಹೇಳೋದಕ್ಕೆ ಏನಾಗಿತ್ರೀ ನಿಮಗೆ?

ಕಾಫಿ ಕುಡ್ಕೊಂಡು ಹೋಗಿ ಅಂದೆ. ಒಳಗೆ ಬರೋ ಮುಂಚೆ ಆಕೆ ಬೂಟು ಬಿಚ್ಚೋಕೆ ಶುರು ಮಾಡಿದ್ರು. ಬೇಡ ಅಂದ್ರೂ ಕೇಳಲಿಲ್ಲ. ಬಾಗಿಲ ಹತ್ತಿರ ನಿಮ್ಮ ಬೂಟಿನ ಪಕ್ಕ ಇಡೋಕೆ ಬಗ್ಗಿದವರು, ನನ್ನ ಮುಖ ನೋಡಿ, ತಮ್ಮದನ್ನ ಸ್ವಲ್ಪ ದೂರಕ್ಕೆ ಸರಿಸಿಕೊಂಡ್ರು.

ನಿಮ್ಮದು ಇನ್ನೂ ಅಲ್ಲೇ ಇದೆ. ಪೂರ್ತಿ ಒಣಗಿದೆ, ರೀ.